ಹೂಮಳೆಯೂ ಜೇನುಕುಟುಂಬವೂ

ಕೊಡಗಿನ ಕಾಫಿ ತೋಟಗಳಲ್ಲಿ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ಬೀಳುವ ಹದವಾದ ಮಳೆಗೆ ಹೂಮಳೆಯೆಂದು ಹೆಸರು. ಅದು ಬಿದ್ದ ಎಂಟು-ಹತ್ತು ದಿನಗಳಿಗೆ ಗಿಡಗಳೆಲ್ಲ ಬೆಳ್ಳಗಾಗಿ ತೋಟವೇ ಘಮಘಮಿಸುತ್ತದೆ. ಇಷ್ಟು ಹೂವಿರುವಾಗ ಜೇನಿಗೆ ಏನು ಕೊರತೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸಿತ್ತು.

ಒಂದು ವರ್ಷ ಹೂ ಅರಳುವ ಹೊತ್ತಿಗೇ ಮತ್ತೆ ಮೋಡ ಕವಿದು ನಾಲ್ಕೈದು ದಿನ ಮಳೆ ಹಿಡಿಯಿತು. ಬಿಸಿಲು ಬಂದಾಗ ನಮ್ಮ ಮನೆಯ ತುಡುವೆ ಪೆಟ್ಟಿಗೆಗಳಲ್ಲೊಂದು ನಿಶ್ಶಬ್ದವಾಗಿತ್ತು. "ಹಳೆಯ ರೋಗವೇ ಮತ್ತೆ ಬಂತಲ್ಲೋ!" ಎಂದು ಅಜ್ಜ ಗಾಬರಿಯಾದರು. 1991–92ರಲ್ಲಿ ಕಾಣಿಸಿಕೊಂಡ ಥಾಯ್ ಸ್ಯಾಕ್‌ಬ್ರೂಡ್ ರೋಗದಿಂದ ದಕ್ಷಿಣ ಭಾರತದ ತುಡುವೆ ಕುಟುಂಬಗಳು ಬಹುಪಾಲು ನಾಶವಾದುದನ್ನು ಅವರು ಕಣ್ಣಾರೆ ಕಂಡವರು. ಆದರೆ ಆ ರೋಗದಲ್ಲಿ ಸಾಯುವುದು ಮರಿಹುಳು. ಅದು ನೀರು ತುಂಬಿದ ಚೀಲದಂತಾಗುತ್ತದೆ. ಇಲ್ಲಿ ಸತ್ತಿದ್ದವು ಬೆಳೆದ ನೊಣಗಳು, ಅವೂ ಬರಿದಾದ ಕಣಗಳೊಳಗೆ ತಲೆಯಿಟ್ಟುಕೊಂಡು. ಅದು ಹಸಿವಿನ ಸಾವು.

ಇದಕ್ಕೆ ಕಾರಣವೇನು? ತುಡುವೆಯ ಕೆಲಸಗಾರ ನೊಣ ಮೊಟ್ಟೆಯಿಂದ ಹೊರಬರಲು ಸುಮಾರು ಇಪ್ಪತ್ತು ದಿನ ಬೇಕು. ಆಮೇಲೂ ಎರಡು-ಮೂರು ವಾರ ಅದಕ್ಕೆ ಗೂಡಿನೊಳಗಿನ ಕೆಲಸ. ನಂತರವೇ ಹೂವಿಗೆ ಹೋಗುವುದು. ಎಂದರೆ ಮಾರ್ಚ್ ಮಧ್ಯದಲ್ಲಿ ಮಕರಂದ ತರುವ ನೊಣ ಫೆಬ್ರವರಿಯ ಮೊದಲಲ್ಲಿ ಮೊಟ್ಟೆಯಾಗಿತ್ತು. ರಾಣಿ ಒಂದೂವರೆ ತಿಂಗಳ ಹಿಂದೆಯೇ ಸಂಸಾರವನ್ನು ಬೆಳೆಸಿಬಿಟ್ಟಿರುತ್ತದೆ. ಮಳೆ ಬಂತೆಂದು ಇಷ್ಟು ಬಾಯಿಗಳನ್ನು ಹಿಂದಕ್ಕೆ ಕಳುಹಿಸಲಾದೀತೆ? ಮೇಲಾಗಿ ಮರಿಗಳಿರುವ ಎರಿಯ ನಡುವೆ 34–35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ನೊಣಗಳು ಜೇನನ್ನು ತಿಂದು, ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಆ ಶಾಖವನ್ನು ಹುಟ್ಟಿಸುತ್ತವೆ. ಮಳೆಯ ತಂಪಿನಲ್ಲಿ ಖರ್ಚು ಹೆಚ್ಚು, ಆದಾಯ ಸೊನ್ನೆ.

ಇತ್ತ ಕಾಫಿ ಹೂವೂ ಕಾಯುವುದಿಲ್ಲ. ಎರಡು-ಮೂರು ದಿನಗಳಲ್ಲಿ ಬಾಡುತ್ತದೆ. ಅಷ್ಟರಲ್ಲಿ ಮಳೆ ಸುರಿದರೆ ಮಕರಂದ ತೊಳೆದುಹೋಗಿ ಪರಾಗ ಕೆಡುತ್ತದೆ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟದು. ಆದ್ದರಿಂದ ನಷ್ಟ ತೋಟದವನಿಗೂ ಉಂಟು. ಹೂ ಬಾಡಿದ ಎರಡು ವಾರಕ್ಕೆ ಅವನೇ ಮತ್ತೊಂದು ಮಳೆಗಾಗಿ ಆಕಾಶ ನೋಡುತ್ತಾನೆಂಬುದು ಬೇರೆ ಮಾತು!

ಮಳೆ ಹಿಡಿದ ಎರಡನೆಯ ಸಂಜೆಯೇ ಪೆಟ್ಟಿಗೆಯ ಹಿಂಬದಿಯನ್ನು ಸ್ವಲ್ಪ ಎತ್ತಿ ಭಾರ ನೋಡಬೇಕು. ಎರಿಗಳನ್ನು ಹೊರತೆಗೆಯಬಾರದು, ಮರಿಗೆ ಶೀತವಾಗುತ್ತದೆ. ಹಗುರವಾಗಿದ್ದರೆ ಸಮತೂಕದ ಸಕ್ಕರೆ ಮತ್ತು ನೀರಿನ ಪಾಕವನ್ನು ಕಾಯಿಸಿ ಆರಿಸಿ, ಕತ್ತಲಾದ ಮೇಲೆ ಪೆಟ್ಟಿಗೆಯೊಳಗೆ ಇಡಬೇಕು. ಹೊರಗೆ ಚೆಲ್ಲಿದರೆ ಬೇರೆ ಕುಟುಂಬದ ನೊಣಗಳು ದೋಚಲು ಬರುತ್ತವೆ. ಈಗ ನಮ್ಮ ಮನೆಯಲ್ಲಿ ಹೂಮಳೆ ಬಿದ್ದ ದಿನವೇ ಅಜ್ಜ ಎರಡು ಕಿಲೋ ಸಕ್ಕರೆಯನ್ನು ಬೇರೆಯಾಗಿ ತೆಗೆದಿಡುತ್ತಾರೆ. ಅದಕ್ಕೆ ಅಡುಗೆಮನೆಯವರು ಕೈಹಾಕುವಂತಿಲ್ಲ.