ಕಂಪ್ರೆಸರ್ ಕೊಳ್ಳುವ ಮುನ್ನ: ಒತ್ತಡ, ಗಾಳಿ ಮತ್ತು ಫಿಲ್ಟರ್

ಮಿಡಿಗೇಶಿ ಹೋಬಳಿಯ ಬೆಳೆಗಾರ ಬಂಧುಗಳು ಈಚೆಗೆ ಸಂಘದ ಕಚೇರಿಗೆ ಬಂದಾಗ ಗೊಬ್ಬರ, ಮೈಲುತುತ್ತಗಳಿಗಿಂತ ಮೊದಲು ಕೇಳುವುದು ಕಂಪ್ರೆಸರಿನ ವಿಚಾರವನ್ನು. ಎಷ್ಟು ಪ್ರೆಶರಿನದು ತರಬೇಕು? ಹಳೆಯದು ಸಿಕ್ಕರೆ ಕೊಳ್ಳಬಹುದೆ? ಕಳೆದ ವರ್ಷ ಚೆನ್ನಾಗಿ ಎತ್ತುತ್ತಿದ್ದುದು ಈ ವರ್ಷ ಏಕೆ ಸೊರಗಿದೆ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ತಿಳಿಸುವುದು ಲೇಸೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ಯಾವ ಕಂಪೆನಿಯ ಹೆಸರನ್ನೂ ನಾವು ಸೂಚಿಸುವುದಿಲ್ಲ. ಲೆಕ್ಕ ತಿಳಿದವನಿಗೆ ಹೆಸರಿನ ಹಂಗು ಕಡಿಮೆ.

ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ತಾಲ್ಲೂಕುಗಳದು ಕಗ್ಗಲ್ಲಿನ ನೆಲ. ನೀರಿರುವುದು ಕಲ್ಲಿನ ಬಿರುಕುಗಳಲ್ಲಿ ಮಾತ್ರ. ತಿರುಚೆಂಗೋಡಿನ ಲಾರಿ ಬಂದು ಕೊರೆದು ಹೋದ ಮೇಲೆ ಉಳಿಯುವ ಬಾವಿಗಳಲ್ಲಿ ಎಷ್ಟೋ ಬಾವಿಗಳಿಗೆ ಒಂದೂವರೆ ಅಂಗುಲದ ನೀರೂ ಇರುವುದಿಲ್ಲ. ಹತ್ತು ನಿಮಿಷ ಬಂದು, ಇಪ್ಪತ್ತು ನಿಮಿಷ ನಿಂತು, ಮತ್ತೆ ಬರುವ ನೀರು ಅದು. ಅಂಥ ಬಾವಿಗೆ ಸಬ್‌ಮರ್ಸಿಬಲ್ ಪಂಪು ಇಳಿಸಿದರೆ ನೀರಿಲ್ಲದೆ ಓಡಿ ಸುಡುತ್ತದೆ. ಮರಳು ಬರುವ ಬಾವಿಯಾದರೆ ಒಳಗಿನ ಚಕ್ರಗಳು ಸವೆಯುತ್ತವೆ. ಕೊರೆಯುವಾಗ ಸೊಟ್ಟಗಾದ ಬಾವಿಯಲ್ಲಂತೂ ಮೋಟಾರು ಸಿಕ್ಕಿಕೊಂಡರೆ ಬಾವಿಯ ಆಸೆಯನ್ನೇ ಬಿಡಬೇಕು. ಕಂಪ್ರೆಸರ್ ಹಾಕಿದರೆ ಕೆಳಗೆ ಇಳಿಯುವುದು ಎರಡು ಪೈಪುಗಳು ಮಾತ್ರ. ಯಂತ್ರವೆಲ್ಲ ಮೇಲೆ ನೆರಳಿನಲ್ಲಿರುತ್ತದೆ. ಸಣ್ಣ ಪೈಪಿನಲ್ಲಿ ಇಳಿದ ಗಾಳಿ ದೊಡ್ಡ ಪೈಪಿನ ತಳದಲ್ಲಿ ಗುಳ್ಳೆಗಳಾಗಿ ನೀರಿನೊಡನೆ ಬೆರೆಯುತ್ತದೆ. ಗುಳ್ಳೆ ಬೆರೆತ ನೀರು ಹಗುರ. ಹೊರಗಿನ ಭಾರದ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಇದಕ್ಕೆ ಖರ್ಚಾಗುವ ವಿದ್ಯುತ್ತು ಅದೇ ನೀರನ್ನು ಎತ್ತುವ ಒಳ್ಳೆಯ ಪಂಪಿನ ಖರ್ಚಿನ ಎರಡು ಪಟ್ಟಾದರೂ ಇದ್ದೀತು. ಹತ್ತು ಅಶ್ವಶಕ್ತಿಯವರೆಗೆ ಬಿಲ್ಲು ಬರುವುದಿಲ್ಲವೆಂದು ನಮಗೆ ಅದು ಕಾಣುವುದಿಲ್ಲ, ಟ್ರಾನ್ಸ್‌ಫಾರ್ಮರಿಗೆ ಕಾಣುತ್ತದೆ. ಆದ್ದರಿಂದ ಪಂಪು ನಡೆಯುವ ಬಾವಿಗೆ ಪಂಪನ್ನೇ ಹಾಕಿರಿ.

ಈಗ ಒತ್ತಡದ ಮಾತು. ಹೆಚ್ಚು ಒತ್ತಡವಿದ್ದರೆ ಹೆಚ್ಚು ನೀರು ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಈಚೆಗೆ ಒಬ್ಬ ತರುಣ ಬೆಳೆಗಾರರು, ಏರ್‌ಗನ್ನಿಗೆ ಗಾಳಿ ತುಂಬುವ ಪುಟ್ಟ ಕಂಪ್ರೆಸರೊಂದು ಅಗ್ಗಕ್ಕೆ ಸಿಗುತ್ತದೆ, ಅದು 300 ಕಿಲೋ ಒತ್ತಡ ಕೊಡುತ್ತದೆ, ನಮ್ಮ ದೊಡ್ಡ ಯಂತ್ರ ಕೊಡುವುದು 12 ಕಿಲೋ ಮಾತ್ರ, ಬಾವಿಗೆ ಅದನ್ನೇ ಏಕೆ ಹಾಕಬಾರದು ಎಂದು ಕೇಳಿದರು. ಪ್ರಶ್ನೆ ತಮಾಷೆಯದಲ್ಲ. ಅಂಗಡಿಯಲ್ಲಿ ಮೀಟರಿನ ಮುಳ್ಳನ್ನು ನೋಡಿ ದುಡ್ಡು ಎಣಿಸುವವರೆಲ್ಲ ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರುತ್ತಾರೆ.

ಬಾವಿಗೆ ಬೇಕಾದ ಒತ್ತಡವನ್ನು ನಿರ್ಧರಿಸುವುದು ಬಾವಿಯೇ. ಗಾಳಿಯ ಪೈಪಿನ ತುದಿ ನೀರಿನಲ್ಲಿ ಎಷ್ಟು ಅಡಿ ಮುಳುಗಿದೆಯೋ ಅದನ್ನು 2.3ರಿಂದ ಭಾಗಿಸಿ. ಬರುವ ಸಂಖ್ಯೆಯೇ ಚದರ ಅಂಗುಲಕ್ಕೆ ಬೇಕಾದ ಪೌಂಡುಗಳು. ಪೈಪಿನ ತುದಿ 500 ಅಡಿಯಲ್ಲಿದೆ, ನಿಂತ ನೀರು 250 ಅಡಿಯಲ್ಲಿದೆ ಎನ್ನೋಣ. ಮುಳುಗಿದ್ದು 250 ಅಡಿ. ಆರಂಭಕ್ಕೆ ಬೇಕಾದದ್ದು ಸುಮಾರು 108 ಪೌಂಡು. ನೀರು ಎತ್ತತೊಡಗಿದ ಮೇಲೆ ಮಟ್ಟ 320 ಅಡಿಗೆ ಇಳಿದರೆ 78 ಪೌಂಡು ಸಾಕು. ಅದಕ್ಕಿಂತ ಹೆಚ್ಚಿನ ಒತ್ತಡ ಯಂತ್ರಕ್ಕೆ ಇದ್ದರೂ ಬಾವಿ ಅದನ್ನು ಕೇಳುವುದೇ ಇಲ್ಲ. 175 ಪೌಂಡಿನ ಸಾಮಾನ್ಯ ಎರಡು ಹಂತದ ಕಂಪ್ರೆಸರ್ ಸುಮಾರು 400 ಅಡಿ ಮುಳುಗಡೆಯನ್ನು ನೂಕಬಲ್ಲದು. ನಮ್ಮ ಬಾವಿಗಳಲ್ಲಿ ಬಹುಪಾಲಿಗೆ ಅಷ್ಟು ಸಾಕು.

2022ರ ಮಳೆಯ ನಂತರ ಕೆಲವರಿಗೆ ಆದ ಅನುಭವವನ್ನು ಇಲ್ಲಿ ನೆನಪಿಸಬೇಕು. ಕೆರೆಗಳು ಕೋಡಿ ಬಿದ್ದು, ಬಾವಿಯ ನೀರು ಮೇಲೇರಿತು. ಆಗಲೇ ಕಂಪ್ರೆಸರ್ ನೀರೆತ್ತುವುದನ್ನು ನಿಲ್ಲಿಸಿತು! ಯಂತ್ರ ಕೆಟ್ಟಿತೆಂದು ಹೆಡ್ಡು ಬಿಚ್ಚಿಸಿದವರುಂಟು. ಯಂತ್ರ ಕೆಟ್ಟಿರಲಿಲ್ಲ. ತುದಿ 700 ಅಡಿಯಲ್ಲಿದ್ದು ನೀರು 150 ಅಡಿಗೆ ಏರಿದರೆ ಮುಳುಗಡೆ 550 ಅಡಿ, ಬೇಕಾದ ಒತ್ತಡ 239 ಪೌಂಡು. 175 ಪೌಂಡಿನ ಯಂತ್ರ ಅದನ್ನು ಎಲ್ಲಿಂದ ತರಬೇಕು? ಗಾಳಿಯ ಪೈಪನ್ನು ಇನ್ನೂರು ಅಡಿಯಷ್ಟು ಮೇಲೆತ್ತಿ ಕಟ್ಟಿದರೆ ಕೆಲಸ ಮುಗಿಯಿತು.

ಒತ್ತಡ ಇಷ್ಟಾದರೆ, ನೀರಿನ ಪ್ರಮಾಣ ಯಾವುದರಿಂದ ಬರುತ್ತದೆ? ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೆಳಗಿಳಿಯುತ್ತದೆ ಎಂಬುದರಿಂದ. ಮೇಲಿನ ಬಾವಿಯಲ್ಲಿ ನಿಮಿಷಕ್ಕೆ 12 ಘನ ಅಡಿ ಗಾಳಿ ಸಿಕ್ಕರೆ ಗಂಟೆಗೆ ಸುಮಾರು 1500 ಲೀಟರ್ ನೀರನ್ನು ನಿರೀಕ್ಷಿಸಬಹುದು, ಬಾವಿಯಲ್ಲಿ ಅಷ್ಟು ಊಟೆ ಇದ್ದರೆ. 9 ಅಡಿಗೊಂದರಂತೆ ನೆಟ್ಟ ಎಕರೆ ತೋಟದಲ್ಲಿ ಸುಮಾರು 540 ಅಡಿಕೆ ಮರಗಳು. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದರೆ 10,800 ಲೀಟರ್. ಮೂರು ಫೇಸಿನ ಕರೆಂಟು 7 ಗಂಟೆ ಪೂರ್ತಿ ಬಂದರೆ 10,500 ಲೀಟರ್ ಸಿಗುತ್ತದೆ. ಅಂದರೆ ಸರಿಯಾದ ಯಂತ್ರದಿಂದ ಒಂದು ಎಕರೆ ಹಾಗೂ ಹೀಗೂ ದಾಟುತ್ತದೆ. ಅದೇ ಯಂತ್ರದ ಗಾಳಿ ಮೂರರಲ್ಲೊಂದು ಭಾಗ ಸೋರಿದರೆ ನೂರೆಂಬತ್ತು ಮರಗಳಿಗೆ ನೀರಿಲ್ಲ. ಏಪ್ರಿಲ್‌ನಲ್ಲಿ ಸುಳಿ ಬಾಡಿದ ಮರ ಜೂನಿನ ಮಳೆಗೆ ಚೇತರಿಸಿಕೊಳ್ಳುತ್ತದೆಂಬ ಭರವಸೆ ಯಾರೂ ಕೊಡಲಾರರು.

ಏರ್‌ಗನ್ನಿನ ಪುಟ್ಟ ಕಂಪ್ರೆಸರ್ ಕೊಡುವ ಗಾಳಿ ನಿಮಿಷಕ್ಕೆ ಅರ್ಧ ಘನ ಅಡಿಯೂ ಇರುವುದಿಲ್ಲ. ಒಂದು ಚೊಂಬನ್ನು ಗಟ್ಟಿಯಾಗಿ ತುಂಬಲು ಅದು ಸಮರ್ಥ. ಕೆರೆಗೆ ಕಾಲುವೆ ಬಿಡಲು ಅಲ್ಲ.

ಕೊಳ್ಳುವವರು ಮೋಸ ಹೋಗುವುದು ಈ ಗಾಳಿಯ ಲೆಕ್ಕದಲ್ಲೇ. ಮಾರುವವರು ಹೇಳುವುದು ಪಿಸ್ಟನ್ ತುಳಿಯುವ ಗಾಳಿಯನ್ನು. ನಮಗೆ ಸಿಗುವುದು ಅದರ ನೂರಕ್ಕೆ ಎಪ್ಪತ್ತರಷ್ಟು. ಲೆಕ್ಕ ಕಷ್ಟವಲ್ಲ. ದೊಡ್ಡ ಸಿಲಿಂಡರಿನ ವ್ಯಾಸ 4 ಅಂಗುಲ, ಪಿಸ್ಟನ್ ಓಡಾಟ 3 ಅಂಗುಲ, ನಿಮಿಷಕ್ಕೆ 800 ಸುತ್ತು ಎಂದಿರಲಿ. ವ್ಯಾಸವನ್ನು ವ್ಯಾಸದಿಂದ ಗುಣಿಸಿ, 0.785ರಿಂದ, ಓಡಾಟದಿಂದ ಮತ್ತು ಸುತ್ತಿನಿಂದ ಗುಣಿಸಿ, 1728ರಿಂದ ಭಾಗಿಸಿದರೆ 17 ಘನ ಅಡಿ ಚಿಲ್ಲರೆ ಬರುತ್ತದೆ. ಕೈಗೆ ಸಿಗುವುದು 12. ಎರಡು ಹಂತದ ಯಂತ್ರದಲ್ಲಿ ಚಿಕ್ಕ ಸಿಲಿಂಡರನ್ನು ಲೆಕ್ಕಕ್ಕೆ ಹಿಡಿಯಬಾರದು, ಏಕೆಂದರೆ ದೊಡ್ಡದು ತುಳಿದ ಗಾಳಿಯನ್ನೇ ಅದು ಮತ್ತೆ ತುಳಿಯುತ್ತದೆ. ಎರಡನ್ನೂ ಕೂಡಿಸಿ ಹೇಳುವ ವ್ಯಾಪಾರಿಗಳಿದ್ದಾರೆ.

ಹಳೆಯ ಯಂತ್ರವಾದರೆ ಬಾಯಿಮಾತು ಬೇಡ, ಗಡಿಯಾರ ಸಾಕು. 220 ಲೀಟರಿನ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಿ, ಹೊರಹೋಗುವ ನಲ್ಲಿ ಮುಚ್ಚಿ, ಯಂತ್ರ ಓಡಿಸಿರಿ. ಮುಳ್ಳು ಸೊನ್ನೆಯಿಂದ 100 ಪೌಂಡಿಗೆ ಏರಲು ನಾಲ್ಕೂವರೆ ನಿಮಿಷ ಹಿಡಿದರೆ 12 ಘನ ಅಡಿ ಇದೆ ಎಂದರ್ಥ. ಏಳು ನಿಮಿಷ ಹಿಡಿದರೆ ಏಳೂವರೆ ಘನ ಅಡಿ ಮಾತ್ರ. ರಿಂಗು, ವಾಲ್ವು ಸವೆದಿವೆ. ಆಮೇಲೆ ಯಂತ್ರ ನಿಲ್ಲಿಸಿ ಕಾಲು ಗಂಟೆ ಮುಳ್ಳನ್ನು ನೋಡುತ್ತ ಕುಳಿತುಕೊಳ್ಳಿ. ಮಾರುವವರು ಕಾಫಿ ತರಿಸಿ ಮಾತಿಗೆಳೆಯುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲೇ.

ಟ್ಯಾಂಕಿನ ವಿಷಯದಲ್ಲಿ ಉಳಿತಾಯ ಸಲ್ಲದು. ಗಾಳಿಯೊಡನೆ ಬಂದ ತೇವ ತಳದಲ್ಲಿ ನೀರಾಗಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗೆ ಹೊಸ ಬಣ್ಣ ಬಳಿದಿದ್ದರೆ ಒಳಗಿನದು ಕಾಣುವುದಿಲ್ಲ. ತಳದಲ್ಲಿ ತೇಪೆ ಹಾಕಿ ಬೆಸುಗೆ ಮಾಡಿದ ಟ್ಯಾಂಕು ಎಷ್ಟು ಅಗ್ಗಕ್ಕೆ ಬಂದರೂ ಬೇಡ. ಹಳೆಯ ಟ್ಯಾಂಕನ್ನು ನೀರು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡಕ್ಕೆ ಪರೀಕ್ಷಿಸಬೇಕು. ಗಾಳಿ ತುಂಬಿ ಪರೀಕ್ಷಿಸುವುದು ಪ್ರಾಣಕ್ಕೆ ಅಪಾಯ: ನೀರು ತುಂಬಿದ ಟ್ಯಾಂಕು ಬಿರಿದರೆ ನೆಲ ಒದ್ದೆಯಾಗುತ್ತದೆ, ಗಾಳಿ ತುಂಬಿದ್ದು ಬಿರಿದರೆ ಗುಡಿಸಲೇ ಹಾರುತ್ತದೆ. ಸೇಫ್ಟಿ ವಾಲ್ವು ಸೀಟಿ ಹೊಡೆಯುತ್ತದೆಂದು ಅದಕ್ಕೆ ಬಿರಡೆ ಬಡಿದ ಯಂತ್ರವನ್ನೂ ನಾವು ನೋಡಿದ್ದೇವೆ. ಅಂಥ ಯಂತ್ರದ ಹತ್ತಿರ ಮಕ್ಕಳನ್ನು ಬಿಡಬೇಡಿ.

ಇನ್ನು ಫಿಲ್ಟರ್. ರಾಗಿ ಒಕ್ಕಣೆಯ ದೂಳು, ಅಡಿಕೆ ಸಿಪ್ಪೆಯ ದೂಳು, ಬೇಸಿಗೆಯ ಕೆಮ್ಮಣ್ಣು, ಎಲ್ಲವೂ ಇರುವ ಸೀಮೆ ನಮ್ಮದು. ಗಾಳಿ ಎಳೆದುಕೊಳ್ಳುವ ಬಾಯಿಯ ಕಾಗದದ ಫಿಲ್ಟರ್ ಹರಿದರೆ ಆ ದೂಳು ಉಪ್ಪುಕಾಗದದಂತೆ ಸಿಲಿಂಡರನ್ನು ಉಜ್ಜುತ್ತದೆ. ಹರಿಯದೆ ಕಟ್ಟಿಕೊಂಡರೆ ಯಂತ್ರಕ್ಕೆ ಉಸಿರು ಸಾಲದೆ ಗಾಳಿ ಕಡಿಮೆಯಾಗುತ್ತದೆ, ಹೆಡ್ಡು ಕಾಯುತ್ತದೆ, ಕೆಳಗಿನ ಎಣ್ಣೆಯನ್ನು ಪಿಸ್ಟನ್ ಮೇಲಕ್ಕೆ ಎಳೆದುಕೊಳ್ಳುತ್ತದೆ. ಕೆಲವರು ಫಿಲ್ಟರ್ ಬಿಸಾಡಿ ಹಳೆಯ ಪಂಚೆ ಸುತ್ತುತ್ತಾರೆ. ಅದು ದೂಳನ್ನೂ ತಡೆಯದು, ಉಸಿರನ್ನೂ ಬಿಡದು. ವಾರಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದಲ್ಲಿ ಗಾಳಿ ಹೊಡೆಯಿರಿ. ಸೀಮೆಎಣ್ಣೆಯಲ್ಲಿ ತೊಳೆಯಬೇಡಿ, ಅದರ ಆವಿ ಕಾದ ಸಿಲಿಂಡರಿಗೆ ಹೋಗಿ ಹೊತ್ತಿಕೊಳ್ಳಬಹುದು. ಕಂಪ್ರೆಸರ್ ಮನೆ ಕಟ್ಟುವವರು ಎಳೆಯುವ ಪೈಪನ್ನು ಗೋಡೆಯಾಚೆ, ಕಣಕ್ಕೆ ಬೆನ್ನು ಮಾಡಿ, ಆಳೆತ್ತರದಲ್ಲಿ ಇಟ್ಟರೆ ಫಿಲ್ಟರಿನ ಆಯುಷ್ಯ ಹೆಚ್ಚುತ್ತದೆ.

ಎಣ್ಣೆಯ ಬಗ್ಗೆ ಇನ್ನೂ ಒಂದು ಮಾತು. ಟ್ರ್ಯಾಕ್ಟರಿಗೆ ಹಾಕಿ ಉಳಿದ ಎಂಜಿನ್ ಆಯಿಲನ್ನು ಕಂಪ್ರೆಸರಿಗೆ ಸುರಿಯುವುದು ರೂಢಿಯಾಗಿದೆ. ಅದು ತೇವದೊಡನೆ ಸೇರಿ ಮಜ್ಜಿಗೆಯಂತಾಗಿ, ವಾಲ್ವಿನ ತಗಡುಗಳ ಮೇಲೆ ಕರಿ ಕಟ್ಟುತ್ತದೆ. ಕಂಪ್ರೆಸರಿನ ಎಣ್ಣೆಯನ್ನೇ ಹಾಕಬೇಕು. ರಿಂಗು ಸವೆದು ಮೇಲೇರಿದ ಎಣ್ಣೆ ಗಾಳಿಯೊಡನೆ ಬಾವಿಗಿಳಿದು ನೀರಿನಲ್ಲಿ ಬರುತ್ತದೆಂಬುದನ್ನು ಮರೆಯಬಾರದು. ತೊಟ್ಟಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಆ ನೀರನ್ನು ಕುಡಿಯಲು, ದನಕ್ಕೆ ಕುಡಿಸಲು ಬಳಸದೆ ಮೊದಲು ರಿಂಗು ಬದಲಿಸಿ. ಟ್ಯಾಂಕಿನಿಂದಾಚೆ ಎಣ್ಣೆ ಮತ್ತು ನೀರು ಬೇರ್ಪಡಿಸುವ ಇನ್ನೊಂದು ಫಿಲ್ಟರ್ ಕೂರಿಸುವುದು ಕುಡಿಯುವ ನೀರಿಗೆ ಇದೇ ಬಾವಿಯನ್ನು ನಂಬಿದವರಿಗೆ ಅಗತ್ಯ. ಟ್ಯಾಂಕಿನ ತಳದ ನಲ್ಲಿಯನ್ನು ದಿನವೂ ಬಿಡಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಗಾಳಿ ಕಡಿಮೆಯಾದಾಗ ನೇರವಾಗಿ ಲೇತ್ ಅಂಗಡಿಗೆ ಓಡಬೇಡಿ. ಮೊದಲು ಫಿಲ್ಟರ್ ನೋಡಿ. ಆಮೇಲೆ ಬೆಲ್ಟು ಜಾರುತ್ತಿದೆಯೇ ನೋಡಿ. ಸಾಬೂನು ನೊರೆ ಹಚ್ಚಿ ಜೋಡಣೆಗಳಲ್ಲಿ ಸೋರಿಕೆ ಹುಡುಕಿ. ಎಲ್ಲವೂ ಸರಿಯಿದ್ದರೆ ದೋಷ ವಾಲ್ವಿನಲ್ಲಿ ಅಥವಾ ರಿಂಗಿನಲ್ಲಿ. ಎರಡು ಸಿಲಿಂಡರುಗಳ ನಡುವಿನ ತಂಪು ಕೊಳವೆಯ ಸೇಫ್ಟಿ ವಾಲ್ವು ಪದೇ ಪದೇ ಹಾರುತ್ತಿದ್ದರೆ ಚಿಕ್ಕ ಸಿಲಿಂಡರಿನ ವಾಲ್ವು ಸೋರುತ್ತಿದೆ. ಆ ಕೊಳವೆಯಲ್ಲಿ ಒತ್ತಡವೇ ಏರದಿದ್ದರೆ ದೊಡ್ಡ ಸಿಲಿಂಡರಿನದು. ಇಷ್ಟನ್ನು ಹೇಳಬಲ್ಲ ಗಿರಾಕಿಯ ಹೆಡ್ಡನ್ನು ಮೆಕ್ಯಾನಿಕ್ ಅನಗತ್ಯವಾಗಿ ಬಿಚ್ಚುವುದಿಲ್ಲ. ಮೋಟಾರು ನಿಂತು ಮತ್ತೆ ಹೊರಡುವಾಗ ನರಳಿ ಟ್ರಿಪ್ ಆದರೆ ಟ್ಯಾಂಕಿನ ಬಾಯಿಯ ಒಮ್ಮುಖ ವಾಲ್ವನ್ನು ಬಿಚ್ಚಿ ತೊಳೆಯಿರಿ. ಬಹುತೇಕ ಅಲ್ಲೇ ಕಸ ಸಿಕ್ಕಿರುತ್ತದೆ.

ಏರ್‌ಗನ್ನಿನ ಕಂಪ್ರೆಸರನ್ನು ಅದರ ಕೆಲಸಕ್ಕೇ ಕೊಳ್ಳುವವರೂ ನಮ್ಮ ಸದಸ್ಯರಲ್ಲಿದ್ದಾರೆ, ಮಲೆನಾಡಿನ ಕಾಫಿ ತೋಟದ ಕಡೆ ಹೆಚ್ಚು. ಗುರಿ ಅಭ್ಯಾಸಕ್ಕಾದರೆ ಅಡ್ಡಿಯಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 20 ಜೌಲ್ ಶಕ್ತಿಯನ್ನಾಗಲಿ 4.5 ಮಿಲಿಮೀಟರ್ ನಳಿಗೆಯನ್ನಾಗಲಿ ಮೀರಿದ ಏರ್‌ಗನ್ನಿಗೆ ಪರವಾನಗಿ ಬೇಕು. ತೋಟಕ್ಕೆ ಬರುವ ಕೋತಿಗೂ ನವಿಲಿಗೂ ಕಾನೂನಿನ ರಕ್ಷಣೆಯಿದೆ. ಅವುಗಳ ಮೇಲೆ ಹೊಡೆಯುವಂತಿಲ್ಲ. ಯಂತ್ರದ ವಿಷಯದಲ್ಲಿ ಮೇಲೆ ಹೇಳಿದ ಧರ್ಮವೇ ಅಲ್ಲಿಯೂ, ಆದರೆ ಹತ್ತು ಪಟ್ಟು ಕಟ್ಟುನಿಟ್ಟಾಗಿ. ಮುನ್ನೂರು ಪಟ್ಟು ಅದುಮಿದ ಗಾಳಿಯಲ್ಲಿದ್ದ ತೇವವೆಲ್ಲ ನೀರಾಗಿ ಇಳಿಯುತ್ತದೆ. ಅದು ಬಂದೂಕಿನ ಕೊಳವೆಗೆ ಹೋದರೆ ಒಳಗೇ ತುಕ್ಕು. ಹೀಗಾಗಿ ತೇವ ಹೀರುವ ಗುಂಡುಗಳಿರುವ ಫಿಲ್ಟರ್ ಕೊಳವೆಯಿಲ್ಲದೆ ತುಂಬಬಾರದು. ನಾಲ್ಕೈದು ನಿಮಿಷಕ್ಕೊಮ್ಮೆ ನೀರು ಹೊರಬಿಡಬೇಕು. ಗುಂಡುಗಳು ಒಮ್ಮೆ ನೆನೆದ ಮೇಲೆ ಬದಲಿಸಬೇಕು. ಅಗ್ಗದ ಯಂತ್ರಗಳಲ್ಲಿ ಮೊದಲು ಹೋಗುವುದು ರಬ್ಬರಿನ ಓ ರಿಂಗುಗಳು. ಹೊಸದಕ್ಕೆ ಮಾಮೂಲಿ ಗ್ರೀಸು ಸವರಬೇಡಿ. ಆ ಒತ್ತಡದಲ್ಲಿ ಗ್ರೀಸು ತಾನೇ ಹೊತ್ತಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸು ಲವಲೇಶ ಸಾಕು. ಒತ್ತಡ ಮೀರಿದರೆ ಒಡೆಯಲೆಂದೇ ಇಟ್ಟ ತೆಳು ತಗಡು ಒಡೆದಾಗ ಅದೇ ಅಳತೆಯ ಹೊಸ ತಗಡನ್ನೇ ಹಾಕಬೇಕು, ಡಬ್ಬದ ತಗಡನ್ನು ಕತ್ತರಿಸಿ ಹಾಕಬಾರದು. ಹತ್ತು ನಿಮಿಷ ಓಡಿಸಿ, ಮುಟ್ಟಿದರೆ ಸುಡದಷ್ಟು ಆರುವವರೆಗೆ ಬಿಡಬೇಕು.

ಹಳೆಯ ಕಂಪ್ರೆಸರ್ ಕೊಳ್ಳಲಿರುವ ಸದಸ್ಯರಿಗಾಗಿ ಸಂಘದಲ್ಲಿ ನೀರಿನ ಒತ್ತಡದಿಂದ ಟ್ಯಾಂಕು ಪರೀಕ್ಷಿಸುವ ಕೈಪಂಪನ್ನೂ, ನಂಬಬಹುದಾದ ಒಂದು ಮೀಟರನ್ನೂ ಇಟ್ಟಿದ್ದೇವೆ. ಹಣ ಕೊಡುವ ಮೊದಲೇ ತರಬೇಕು, ಕೊಟ್ಟ ಮೇಲಲ್ಲ. ತರುವವರು ಟ್ಯಾಂಕಿನ ಗಾಳಿಯನ್ನು ಪೂರ್ತಿ ಬಿಟ್ಟು, ತಳದ ನಲ್ಲಿ ತೆರೆದಿಟ್ಟು ಗಾಡಿಗೆ ಏರಿಸಬೇಕು.