ಪತ್ತನಾಜೆಯೊಳಗೆ ಮಾಡು, ಆಟಿಯಲ್ಲಿ ಭೇಟಿ

ಮಣಿಪಾಲದ ಹಾಸ್ಟೆಲುಗಳಲ್ಲಿ, ಉಡುಪಿ, ಕಾಪು, ಕಾರ್ಕಳದ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳೇ,

ನಿಮ್ಮಲ್ಲಿ ಹಲವರು ಎನ್‌ಎಸ್‌ಎಸ್ ಶಿಬಿರದ ಲೆಕ್ಕದಲ್ಲೋ, ಗೆಳೆಯರೆಲ್ಲ ಸೇರಿಯೋ ಕೊರಗರ ಕಾಲನಿಗೆ, ಘಟ್ಟದ ಬುಡದ ಮಲೆಕುಡಿಯರ ಮನೆಗಳಿಗೆ, ಕಡಲ ಬದಿಯ ಮೀನುಗಾರರ ಕೇರಿಗೆ ಶ್ರಮದಾನಕ್ಕೆ ಹೋಗುತ್ತೀರಿ. ಹೋಗಲೇಬೇಕು. ಹೊರಡುವ ಮೊದಲು ಈ ಹಿರಿಯನ ನಾಲ್ಕು ಮಾತು ಕಿವಿಗೆ ಹಾಕಿಕೊಳ್ಳಿ. ಎಲ್ಲದರ ತಾತ್ಪರ್ಯ ಒಂದೇ: ಮನೆ ಯಾರದೋ, ಕೊನೆಯ ಮಾತೂ ಅವರದೇ.

ಮೊದಲು ಬರಿಗೈಯಲ್ಲಿ ಹೋಗಿ ನೋಡಿ. ಏನು ಕೊಡುವುದೆಂದು ಆಮೇಲೆ ಯೋಚಿಸಿ. ಉಡುಪಿಯ ಯಕ್ಷಗಾನ ಕಲಾರಂಗ 1975ರಲ್ಲಿ ಹುಟ್ಟಿದ್ದು ಕಲೆ ಮತ್ತು ಕಲಾವಿದರ ಸೇವೆಗೆ. ಬಡ ಮಕ್ಕಳ ಓದಿಗೆ ನೆರವಾಗಲು ಅದು ‘ವಿದ್ಯಾಪೋಷಕ್’ ಶುರುಮಾಡಿದಾಗ, ಅರ್ಜಿ ಹಾಕಿದ ಮಕ್ಕಳ ಮನೆಗೇ ಹೋಗಿ ನೋಡುವ ಕ್ರಮ ಇಟ್ಟುಕೊಂಡಿತು. ಫೀಸು ಕಟ್ಟಿದರಷ್ಟೇ ಸಾಲದು, ಮಳೆಗಾಲದಲ್ಲಿ ಪುಸ್ತಕ ನೆನೆಯದಂಥ ಸೂರೂ ಬೇಕು ಎಂಬುದು ಕಾರ್ಯಕರ್ತರಿಗೆ ಕಂಡದ್ದು ಹಾಗೆ ಹೋದದ್ದರಿಂದ. ದಾನಿಗಳನ್ನು ಹುಡುಕಿ ಆ ಸಂಸ್ಥೆ ಇಂಥ ಹತ್ತಾರು ಮನೆಗಳನ್ನು ಕಟ್ಟಿಸಿಕೊಟ್ಟಿದೆ. ಹಣ ಬಂದದ್ದು ಆಮೇಲೆ. ಮೊದಲು ಆದದ್ದು ಆ ಮನೆಗಳ ಜಗಲಿಯಲ್ಲಿ ಕೂತು ಮಾತಾಡುವ ಕೆಲಸ.

ಹೋಗುವ ಹೊತ್ತೂ ಮುಖ್ಯ. ಮೀನು ಮಾರುವ ತಾಯಂದಿರು ಬೆಳಗಾಗುವ ಮೊದಲೇ ಮಲ್ಪೆ ಬಂದರಿಗೆ ಹೊರಟಿರುತ್ತಾರೆ. ಹತ್ತು ಗಂಟೆಗೆ ಸಭೆ ಕರೆದರೆ ಸಿಗುವವರು ಗಂಡಸರು ಮಾತ್ರ. ಒಲೆ ಎಲ್ಲಿರಬೇಕು, ಬಟ್ಟಲು ತೊಳೆದ ನೀರು ಎಲ್ಲಿಗೆ ಹೋಗಬೇಕು ಎಂಬುದು ಅವರಿಗೇನು ಗೊತ್ತು?

ಎರಡನೆಯದು ಜಾಗದ ಕಾಗದ. ಕೊರಗರ ಸ್ಥಿತಿಗತಿ ಅಧ್ಯಯನ ಮಾಡಿದ ಡಾ. ಮಹಮ್ಮದ್ ಪೀರ್ ವರದಿ 1994ರಲ್ಲಿಯೇ ಒಂದೊಂದು ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದಿತ್ತು. ಮೂವತ್ತು ವರ್ಷ ದಾಟಿದರೂ ಎಷ್ಟೋ ಕುಟುಂಬಗಳಿಗೆ ಅದು ಕೈಸೇರಿಲ್ಲ. ಪ್ರತಿ ಆಗಸ್ಟ್ 18ಕ್ಕೆ ಕೊರಗರು ಭೂಮಿ ಹಬ್ಬ ಆಚರಿಸುವುದು ಈ ಹಕ್ಕಿನ ಹೋರಾಟದ ನೆನಪಿಗೆ. ಪೆರ್ನಾಲಿನ ಸಮಗ್ರ ಗ್ರಾಮೀಣ ಆಶ್ರಮ ಅವರ ಸಂಘಟನೆಗಳ ಜೊತೆ ನಿಂತು ದಶಕಗಳಿಂದ ದುಡಿದಿದೆ. ಅಲ್ಲಿಗೆ ಹೋಗಿ ಕೇಳಿ ಕಲಿಯಿರಿ. ಮಲೆಕುಡಿಯರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಇದೆ, ಅದು ಗ್ರಾಮಸಭೆಯಿಂದಲೇ ಹೊರಡಬೇಕು. ಎರ್ಮಾಳು, ಪಡುಬಿದ್ರಿ ಕಡೆಯ ಮೀನುಗಾರರಿಗೆ ಒಂದು ಬದಿಯಲ್ಲಿ ಕಡಲ್ಕೊರೆತ, ಇನ್ನೊಂದು ಬದಿಯಲ್ಲಿ 1991ರಿಂದ ಬಂದ ಕರಾವಳಿ ನಿಯಂತ್ರಣ ವಲಯದ ಕಟ್ಟಳೆ. ಹೊಸ ಮನೆಗೆ ಅನುಮತಿ ಬೇಕು. ನಿಮ್ಮಲ್ಲಿ ಕಾನೂನು ಓದುವವರಿದ್ದರೆ ಕಲ್ಲು ಹೊರುವುದಕ್ಕಿಂತ ದೊಡ್ಡ ಸೇವೆ ಇಲ್ಲಿದೆ. ಆರ್‌ಟಿಸಿ ತೆಗೆಸಿ, ಅರ್ಜಿ ಬರೆದುಕೊಡಿ, ತಾಲೂಕು ಕಚೇರಿಗೆ ಅವರ ಜೊತೆ ಓಡಾಡಿ. ಹಕ್ಕುಪತ್ರವಿಲ್ಲದ ಜಾಗದಲ್ಲಿ ಎಷ್ಟು ಚೆಂದದ ಮನೆ ಕಟ್ಟಿದರೂ ಅದರೊಳಗೆ ಮಲಗಿದವರಿಗೆ ನೆಮ್ಮದಿಯ ನಿದ್ದೆ ಇಲ್ಲ.

ಹಣದ ಲೆಕ್ಕವನ್ನೂ ತಿಳಿದುಕೊಳ್ಳಿ. 2023ರ ನವೆಂಬರಿನಲ್ಲಿ ಶುರುವಾದ ಪಿಎಂ-ಜನಮನ್ ಯೋಜನೆ ಕೊರಗರಿಗೂ ಅನ್ವಯಿಸುತ್ತದೆ. ಮನೆಯೊಂದಕ್ಕೆ, ಕೂಲಿ ಮತ್ತು ಶೌಚಾಲಯದ ಬಾಬ್ತು ಸೇರಿ, ಸಿಗುವುದು 2.39 ಲಕ್ಷ ರೂಪಾಯಿ. ಅದೂ ಕಂತಿನಲ್ಲಿ, ಪಂಚಾಂಗ, ಗೋಡೆ, ಮಾಡು ಎಂದು ಹಂತ ಹಂತವಾಗಿ ಫೋಟೋ ತೆಗೆದ ಮೇಲೆ. ಇವತ್ತಿನ ಕಲ್ಲು, ಸಿಮೆಂಟು, ಮೇಸ್ತ್ರಿಯ ಸಂಬಳದಲ್ಲಿ ಅದು ಎಲ್ಲಿಗೆ ಸಾಲುತ್ತದೆ? ಕೆಲಸ ಅರ್ಧಕ್ಕೆ ನಿಲ್ಲುವುದು, ಮನೆಯವರು ಬಡ್ಡಿಸಾಲಕ್ಕೆ ಬೀಳುವುದು ಇಲ್ಲಿಯೇ. ನಿಮ್ಮ ರಟ್ಟೆಯ ಬಲ, ನೀವು ಒಟ್ಟುಮಾಡಿದ ಹಣ ಆ ಕೊರತೆ ತುಂಬಲು ಒದಗಲಿ.

ಮೂರನೆಯದು ಮನೆಯ ನಕ್ಷೆ. ಕೊರಗರ ಹಿರಿಯ ಹೆಂಗಸೊಬ್ಬರು ಬುಟ್ಟಿ ಹೆಣೆಯುವುದನ್ನು ಹತ್ತಿರ ಕೂತು ನೋಡಿ. ಕಾಡಿನಿಂದ ತಂದ ಬಳ್ಳಿಯನ್ನು ಉದ್ದಕ್ಕೆ ಸೀಳಿ, ಕತ್ತಿಯಲ್ಲಿ ಹೆರೆದು ನಯಮಾಡಿ, ಬುಡವನ್ನು ಪಾದದಲ್ಲಿ ಒತ್ತಿ ಹಿಡಿದು ಸುತ್ತು ಹಾಕುತ್ತಾರೆ. ಅವರ ಕಾರ್ಖಾನೆ ಅಂದರೆ ಜಗಲಿ. ಜಗಲಿ ಇಲ್ಲದ ತಾರಸಿ ಮನೆ ಕಟ್ಟಿಕೊಟ್ಟರೆ ಆಕೆ ಬಿಸಿಲಿಗೆ ಬೀಳುತ್ತಾರೆ. ಕಡಲ ಬದಿಯಲ್ಲಿ ಬಲೆ ಇಡಲು, ಮೀನು ಒಣಗಿಸಲು ಜಾಗ ಬೇಕು. ಅಲ್ಲಿನ ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ತಾರಸಿಯ ಚಕ್ಕೆ ಕಳಚಿ ಬೀಳುತ್ತದೆ. ಕಡಲ ಹೊಯಿಗೆ ಹಾಕಿ ಕಟ್ಟಿದರಂತೂ ಕೇಳುವುದೇ ಬೇಡ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ನೆಲಕ್ಕೆ ಕೆಂಪುಕಲ್ಲಿನ ಗೋಡೆ, ಹಂಚಿನ ಇಳಿಮಾಡು, ಪಡುವಣ ಗೋಡೆಗೆ ಎರಚಲು ಬಡಿಯದಷ್ಟು ಮುಂಚಾಚಿದ ಮಾಡು ಹೊಂದುತ್ತದೆ ಎಂದು ಹಳಬರು ಕಂಡುಕೊಂಡದ್ದು ಸುಮ್ಮನೆ ಅಲ್ಲ.

ನಾಲ್ಕನೆಯದು ಮರ್ಯಾದೆ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿ ನಮ್ಮದೇ ಜಿಲ್ಲೆಗಳಲ್ಲಿತ್ತು. ಅದನ್ನು ನಿಷೇಧಿಸಲು ಸರಕಾರ 2000ದಲ್ಲಿ ಕಾನೂನೇ ತರಬೇಕಾಯಿತು. ಈ ಚರಿತ್ರೆ ಗೊತ್ತಿದ್ದವರು ಸಮಾರಂಭದಲ್ಲಿ ಮಿಕ್ಕ ಊಟ, ಹಳೆಯ ಬಟ್ಟೆಯ ಗಂಟು ಕಟ್ಟಿಕೊಂಡು ಕಾಲನಿಗೆ ಹೋಗುವುದಿಲ್ಲ. ಹಿರಿಯರನ್ನು ಬಹುವಚನದಲ್ಲಿ ಮಾತಾಡಿಸಿ. ಹೊರಗಿನಿಂದ ಬಂದವರು ನಾಲ್ಕು ಮಾತು ತುಳು ಕಲಿಯಿರಿ. ಅವರು ಕೊಟ್ಟ ಚಹಾ ಕುಡಿಯಿರಿ. ಬಾಗಿಲಲ್ಲಿ ಮನೆಯವರನ್ನು ನಿಲ್ಲಿಸಿ ಕೀಲಿಕೈ ಕೊಡುವ ಫೋಟೋ ಬೇಡ. ಗೋಡೆಗೆ ದಾನಿಯ ಹೆಸರಿನ ಫಲಕ ಬೇಕೋ ಬೇಡವೋ ಎಂದು ಆ ಮನೆಯವರನ್ನೇ ಕೇಳಿ.

ಇನ್ನು ಕಾಲದ ಮಾತು. ನಮ್ಮ ತುಳುನಾಡಿನಲ್ಲಿ ಪತ್ತನಾಜೆ, ಅಂದರೆ ಮೇ 24ರ ಸುಮಾರಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಆಮೇಲೆ ಮಳೆಯದೇ ಕಾಲ. ಅಷ್ಟರೊಳಗೆ ಮಾಡಿನ ಕೆಲಸ ಮುಗಿದಿರಬೇಕು. ಮುಗಿಯದು ಅನ್ನಿಸಿದರೆ ಹಳೆಯ ಗುಡಿಸಲನ್ನು ಕೆಡವಲೇಬೇಡಿ. ದೀಪಾವಳಿ ಕಳೆದ ಮೇಲೆ ಶುರುಮಾಡಿ. ಸೆಮಿಸ್ಟರ್ ಪರೀಕ್ಷೆ ಬಂತೆಂದು ಗೋಡೆ ಎಬ್ಬಿಸಿ ಬಿಟ್ಟುಬಂದರೆ ಆ ಮಳೆಗಾಲವನ್ನು ಕಳೆಯಬೇಕಾದವರು ನೀವಲ್ಲ.

ಮನೆ ಒಕ್ಕಲಾದ ಮೇಲೆ, ಮಳೆ ಜಡಿಯುವ ಆಟಿ ತಿಂಗಳಲ್ಲಿ ಮತ್ತೊಮ್ಮೆ ಹೋಗಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ, ಬೋಟಿನ ಪಾಲನ್ನೇ ನಂಬಿದ ಮನೆಯಲ್ಲಿ ಸಂಪಾದನೆ ಇರುವುದಿಲ್ಲ. ಜಡಿಮಳೆಗೆ ಕಾಡಿನ ಬಳ್ಳಿ ತರುವುದೂ ಕಷ್ಟ. ಎಲ್ಲಿ ಸೋರುತ್ತಿದೆ, ಚರಂಡಿಯ ನೀರು ಯಾವ ಕಡೆ ಹರಿಯುತ್ತಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ನೋಡಿಬನ್ನಿ. ನೀವು ಮಾಡಿದ ಕೆಲಸಕ್ಕೆ ಅಂಕ ಕೊಡುವವರು ಆ ತಿಂಗಳ ಮಳೆ ಮತ್ತು ಆ ಮನೆಯ ಯಜಮಾನಿ.

ಆದ್ದರಿಂದ ಈ ವರ್ಷ ಹತ್ತು ಮನೆಗೆ ಬಣ್ಣ ಬಳಿದು ಬರುವ ಯೋಚನೆ ಬಿಡಿ. ಒಂದೇ ಮನೆಯನ್ನು ಹಿಡಿದುಕೊಳ್ಳಿ. ಹಕ್ಕುಪತ್ರದಿಂದ ಹಿಡಿದು ಮೊದಲ ಮಳೆಗಾಲ ದಾಟುವ ತನಕ ಅದರ ಬೆನ್ನು ಬಿಡಬೇಡಿ. ನೀವು ಕೋರ್ಸು ಮುಗಿಸಿ ಹೋಗುವಾಗ ಆ ಮನೆಯ ವಿಳಾಸವನ್ನು ನಿಮ್ಮ ಕಿರಿಯರ ಕೈಗೆ ಒಪ್ಪಿಸಿ ಹೋಗಿ. ನಿಮಗೆ ಒಳ್ಳೆಯದಾಗಲಿ.