ಕಾಳಗ ಮತ್ತು ಕಾಟ: ಅಂತರ್ಜಾಲದ ಆಟಗಳನ್ನು ಆಧರಿಸಿದ ನಿಯಮ ಬರೆಹದ ಪಾಠ

ಪಾಠದ ಹಿನ್ನೆಲೆ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಮಾತಿನ ಮಕ್ಕಳು ದಿನವೂ ಮೂರು ಭಾಷೆಗಳ ನಡುವೆ ಓಡಾಡುವವರು. ದೇವಾಂಗರ ಮಗ್ಗದ ಮನೆಗಳಲ್ಲಿಯೂ ಒಕ್ಕಲಿಗರ ತೋಟದ ಮನೆಗಳಲ್ಲಿಯೂ ಕೇಳಿಬರುವುದು ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ತಮಿಳು ಅಥವಾ ಇಂಗ್ಲಿಷ್. ಈಚಿನ ವರ್ಷಗಳಲ್ಲಿ ಈ ಮೂರೂ ಭಾಷೆಗಳು ಬೆರೆಯುವ ನಾಲ್ಕನೆಯ ಜಾಗವೊಂದು ಅವರಿಗೆ ದೊರೆತಿದೆ. ಅದು ಮೊಬೈಲಿನ ಕಾಳಗದ ಆಟ. ತಂದೆ ನೂಲಿನ ಗಿರಣಿಯ ರಾತ್ರಿ ಪಾಳಿಗೂ ತಾಯಿ ಬನಿಯನ್ ಕಂಪನಿಯ ಹೊಲಿಗೆಗೂ ಹೋದ ಮನೆಯಲ್ಲಿ ಮಗುವಿನ ಜೊತೆಗಿರುವುದು ಬಹುಮಟ್ಟಿಗೆ ಮೊಬೈಲೇ. ಅಲ್ಲಿ ಅದು ಯಾರೊಡನೆ ಮಾತನಾಡುತ್ತದೆ, ಯಾವ ಭಾಷೆಯಲ್ಲಿ ಬೈಸಿಕೊಳ್ಳುತ್ತದೆ ಎಂಬುದು ಮನೆಯವರಿಗೆ ತಿಳಿಯುವುದು ವಿರಳ.

ಈ ಪಾಠವು ಒಂಬತ್ತು ಮತ್ತು ಹತ್ತನೆಯ ತರಗತಿಗಳ ಬರೆಹದ ಅಭ್ಯಾಸಕ್ಕೆ ಉದ್ದೇಶಿತವಾದುದು. ನಿಯಮಗಳನ್ನು ರಚಿಸುವುದು ಮತ್ತು ದೂರನ್ನು ಬರೆಯುವುದು ಇದರ ಭಾಷಾಗುರಿ. ಮೂರು ಅವಧಿಗಳು ಬೇಕಾಗುತ್ತವೆ. ಆಟವಾಡುವುದು ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚಾಸ್ಪರ್ಧೆಯನ್ನು ಇದಕ್ಕೆ ಬದಲಾಗಿ ನಡೆಸಬಾರದು. ಆ ಚರ್ಚೆಯಲ್ಲಿ ಮಕ್ಕಳು ಶಿಕ್ಷಕರಿಗೆ ಹಿತವಾದ ಉತ್ತರವನ್ನು ಒಪ್ಪಿಸಿ, ಸಂಜೆ ಮನೆಗೆ ಹೋಗಿ ಮತ್ತೆ ಆಡುತ್ತಾರೆ. ಭಾಷೆಯೂ ಬೆಳೆಯುವುದಿಲ್ಲ, ವಿವೇಕವೂ ಬೆಳೆಯುವುದಿಲ್ಲ.

ಎರಡು ಪದಗಳ ನಡುವಿನ ಗೆರೆ

ಮೊದಲ ಅವಧಿಯನ್ನು ಪದಗಳಿಂದ ಆರಂಭಿಸುವುದು ಸೂಕ್ತ. ಕೆಣಕು, ಛೇಡಿಸು, ಹೀಯಾಳಿಸು, ಕಾಡು, ಪೀಡಿಸು, ಬೆದರಿಸು ಎಂಬ ಕ್ರಿಯಾಪದಗಳನ್ನು ಕರಿಹಲಗೆಯ ಮೇಲೆ ಬರೆದು, ಸೌಮ್ಯವಾದುದರಿಂದ ಕಠೋರವಾದುದರ ಕಡೆಗೆ ಜೋಡಿಸುವಂತೆ ಮಕ್ಕಳಿಗೆ ಹೇಳಬೇಕು. ಛೇಡಿಸುವುದು ಮೊದಲೋ ಕೆಣಕುವುದು ಮೊದಲೋ ಎಂಬಲ್ಲಿಯೇ ಜಗಳ ಹುಟ್ಟುತ್ತದೆ; ಅದು ಒಳ್ಳೆಯ ಜಗಳ. ಒಂದೇ ಕ್ರಿಯೆ ಗೆಳೆಯನಿಂದ ಬಂದಾಗ ಛೇಡನೆ, ಅಪರಿಚಿತನಿಂದ ಬಂದಾಗ ಹೀಯಾಳಿಕೆ, ದಿನವೂ ಬಂದಾಗ ಪೀಡೆ ಎಂಬುದು ಆ ಜಗಳದಿಂದಲೇ ಹೊರಡುತ್ತದೆ.

ಅನಂತರ ಕಬಡ್ಡಿಯ ಕಡೆಗೆ ತಿರುಗಬೇಕು. ತಮಿಳಿನಲ್ಲಿ ಸಡುಗುಡು ಎಂದು ಮಕ್ಕಳು ಬಲ್ಲ ಈ ಆಟ ಒಪ್ಪಿತ ಕಾಳಗದ ಅತ್ಯುತ್ತಮ ಮಾದರಿ. ದಾಳಿಗಾರನ ಕಾಲನ್ನು ಹಿಡಿಯಬಹುದು, ಸೊಂಟವನ್ನು ತಬ್ಬಿ ನೆಲಕ್ಕೆ ಕೆಡವಬಹುದು. ಆದರೆ ಉಸಿರು ನಿಲ್ಲಿಸಲೆಂದು ಅವನ ಬಾಯಿ ಮುಚ್ಚುವಂತಿಲ್ಲ, ಕುತ್ತಿಗೆ ಹಿಸುಕುವಂತಿಲ್ಲ, ಕೂದಲು ಎಳೆಯುವಂತಿಲ್ಲ. ತಪ್ಪಿದವನಿಗೆ ಹಸಿರು ಚೀಟಿಯಿಂದ ಎಚ್ಚರಿಕೆ. ಹಳದಿ ಚೀಟಿಯಾದರೆ ಎರಡು ನಿಮಿಷ ಹೊರಗೆ. ಕೆಂಪಾದರೆ ಪಂದ್ಯದಿಂದಲೇ ಹೊರಗೆ. ಇನ್ನೊಂದು ಸೂಕ್ಷ್ಮವಿದೆ. ಔಟಾದವನು ಗೆರೆಯ ಆಚೆ ಕುಳಿತ ಮೇಲೆ ಅವನನ್ನು ಯಾರೂ ಮುಟ್ಟುವುದಿಲ್ಲ. ತನ್ನ ತಂಡ ಅಂಕ ಗಳಿಸಿದಾಗ ಅವನು ಮತ್ತೆ ಅಂಕಣಕ್ಕೆ ಬರುತ್ತಾನೆ. ಅಂತರ್ಜಾಲದ ಎಷ್ಟೋ ಆಟಗಳಲ್ಲಿ ಸತ್ತ ಪಾತ್ರವು ಮರುಜೀವ ಪಡೆಯುವ ಸ್ಥಳದಲ್ಲಿಯೇ ಹೊಂಚು ಹಾಕಿ, ಎದ್ದ ಕೂಡಲೇ ಮತ್ತೆ ಮತ್ತೆ ಕೊಲ್ಲುವ ಚಾಳಿ ಉಂಟು. ನಿಯಮದ ಅಕ್ಷರಕ್ಕೆ ಅದೂ ಕಾಳಗವೇ. ಕಬಡ್ಡಿ ಆಡಿದ ಮಗುವಿಗೆ ಮಾತ್ರ ಅದು ಕಾಟವೆಂದು ವಿವರಣೆಯಿಲ್ಲದೆ ತಿಳಿಯುತ್ತದೆ.

ಒಂದು ಹಳೆಯ ಪ್ರಯೋಗ

ಕಾಳಗವನ್ನು ಉಳಿಸಿಕೊಂಡು ಕಾಟವನ್ನು ತಡೆಯುವ ಪ್ರಶ್ನೆ ಅಂತರ್ಜಾಲದ ಆಟಗಳಷ್ಟೇ ಹಳೆಯದು. 1997ರಲ್ಲಿ ಅಮೆರಿಕದಲ್ಲಿ ಅಲ್ಟಿಮಾ ಆನ್‌ಲೈನ್ ಎಂಬ ಆಟ ಆರಂಭವಾಯಿತು. ಸಾವಿರಾರು ಜನ ಒಂದೇ ಕಲ್ಪಿತ ರಾಜ್ಯದಲ್ಲಿ ಬೇಟೆಗಾರರಾಗಿ, ಕಮ್ಮಾರರಾಗಿ, ಯೋಧರಾಗಿ ಬದುಕುವ ಆಟವದು. ಕಾವಲುಗಾರರಿದ್ದ ಪಟ್ಟಣಗಳಿಂದ ಹೊರಗೆ ಯಾರು ಯಾರನ್ನಾದರೂ ಕೊಂದು ಕೈಯಲ್ಲಿದ್ದುದನ್ನು ದೋಚಬಹುದಾಗಿತ್ತು. ಸಮಾಜ ತನ್ನಿಂದ ತಾನೇ ನ್ಯಾಯವನ್ನು ಕಟ್ಟಿಕೊಳ್ಳುತ್ತದೆ ಎಂಬ ನಂಬಿಕೆ ನಿರ್ಮಾಪಕರಲ್ಲಿತ್ತು. ನಡೆದದ್ದು ಬೇರೆ. ಹೊಸಬರು ಊರ ಬಾಗಿಲು ದಾಟುತ್ತಲೇ ಹತರಾಗಿ, ಬೇಸತ್ತು ಆಟವನ್ನೇ ತೊರೆಯತೊಡಗಿದರು.

ಆಗ ಬಣ್ಣಗಳ ಪದ್ಧತಿ ಬಂತು. ನಿರಪರಾಧಿಯ ಹೆಸರು ನೀಲಿ, ಅಪರಾಧಿಯದು ಬೂದು, ಕೊಲೆಗಾರನದು ಕೆಂಪು. ಕೊಲೆಯಾದವನು ದೂರು ದಾಖಲಿಸಬಹುದಾಗಿತ್ತು. ಐದು ಕೊಲೆಗಳ ಲೆಕ್ಕ ಸೇರಿದವನು ಕೆಂಪಾಗುತ್ತಿದ್ದ, ಪಟ್ಟಣದ ಕಾವಲುಗಾರರು ಅವನನ್ನು ಕಂಡಲ್ಲಿ ಕೊಲ್ಲುತ್ತಿದ್ದರು. ಇದರಿಂದಲೂ ತೃಪ್ತಿಕರ ಫಲ ಸಿಗಲಿಲ್ಲ. ಕೊನೆಗೆ 2000ದಲ್ಲಿ ರಾಜ್ಯವನ್ನೇ ಎರಡು ಮಾಡಿದರು. ಫೆಲುಕ್ಕಾ ಎಂಬ ಭಾಗದಲ್ಲಿ ಹಳೆಯ ಕಾಳಗ ಮುಂದುವರಿಯಿತು. ಟ್ರಾಮೆಲ್ ಎಂಬ ಭಾಗದಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರ ಮೇಲೂ ಕೈಯೆತ್ತುವಂತಿರಲಿಲ್ಲ. ಬಹುಪಾಲು ಆಟಗಾರರು ಟ್ರಾಮೆಲ್‌ಗೆ ಹೊರಟುಹೋದರು. ಫೆಲುಕ್ಕಾ ಬರಿದಾಯಿತು. ಅಪಾಯವಿಲ್ಲದ ರಾಜ್ಯದಲ್ಲಿ ರೋಮಾಂಚವಿಲ್ಲವೆಂದು ಹಳಬರು ಇಂದಿಗೂ ಕೊರಗುತ್ತಾರೆ. ಆ ಕೊರಗಿನಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಯಾರ ರೋಮಾಂಚಕ್ಕೆ ಯಾರು ಬೆಲೆ ತೆರುತ್ತಿದ್ದರು ಎಂದು ಕೇಳಿದರೆ ಆ ವಾದದ ಬಲ ಬಹಳ ಕುಗ್ಗುತ್ತದೆ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟ 2018ರಲ್ಲಿ ಇನ್ನೊಂದು ಉಪಾಯ ಮಾಡಿತು. ಕಾಳಗ ಬೇಕೆಂಬವನು ರಾಜಧಾನಿಯಲ್ಲಿ ನಿಂತು ಅದಕ್ಕೆ ಸಮ್ಮತಿಯ ಗುಂಡಿಯೊತ್ತಿ ಹೊರಡಬೇಕು. ಅಪಾಯಕ್ಕೆ ಒಪ್ಪಿದ್ದಕ್ಕಾಗಿ ಅವನಿಗೆ ತುಸು ಹೆಚ್ಚಿನ ಪ್ರತಿಫಲವೂ ಉಂಟು. ನಡುದಾರಿಯಲ್ಲಿ ಹೆದರಿ ಗುಂಡಿ ಬದಲಿಸಲಾಗದು.

ಈ ಜಿಲ್ಲೆಗಳ ಮಕ್ಕಳು ಆಡುವ ಆಟ

ಇಲ್ಲಿನ ಮಕ್ಕಳ ಕೈಯಲ್ಲಿರುವುದು ಇವುಗಳಿಗಿಂತ ಭಿನ್ನವಾದ ಆಟ. ಪಬ್ಜಿ ಮೊಬೈಲನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ಅದರ ಭಾರತೀಯ ರೂಪವಾದ ಬಿಜಿಎಂಐ 2021ರ ಜುಲೈಯಲ್ಲಿ ಬಂತು, 2022ರ ಜುಲೈಯಲ್ಲಿ ಅಂಗಡಿಗಳಿಂದ ಮರೆಯಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಷಿದ್ಧವಾದರೂ ಅದರ ಮ್ಯಾಕ್ಸ್ ಎಂಬ ರೂಪ ಉಳಿಯಿತು. ಬಿಜಿಎಂಐಯಲ್ಲಿ ಗಾಯದ ರಕ್ತಕ್ಕೆ ಹಸಿರು ಬಣ್ಣ ಕೊಡಲಾಯಿತು. ಮರಳಿ ಬಂದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಬಂತು. ಇವು ಬೇಡವೆಂದಲ್ಲ. ಆದರೆ ಮಕ್ಕಳನ್ನು ನೋಯಿಸುವುದು ರಕ್ತದ ಬಣ್ಣವಲ್ಲ.

ಈ ಆಟಗಳಲ್ಲಿ ನೂರರಷ್ಟು ಜನ ಒಂದು ದ್ವೀಪಕ್ಕಿಳಿದು ಕೊನೆಯವರೆಗೆ ಉಳಿಯಲು ಹೋರಾಡುತ್ತಾರೆ. ನಾಲ್ವರ ತಂಡವಾಗಿ ಆಡುವುದು ರೂಢಿ. ಗೆಳೆಯರು ಸಿಗದ ಮಗುವಿಗೆ ಯಂತ್ರವೇ ಮೂವರು ಅಪರಿಚಿತರನ್ನು ಜೊತೆಗೂಡಿಸುತ್ತದೆ, ಅವರ ಧ್ವನಿ ನೇರವಾಗಿ ಕಿವಿಗೆ ಬೀಳುತ್ತದೆ. ಎದುರಾಳಿ ಗುಂಡು ಹೊಡೆದು ಹೋಗುತ್ತಾನೆ. ಅವನ ಹೆಸರೂ ನೆನಪಿರುವುದಿಲ್ಲ. ಕಾಟ ಬರುವುದು ಹೆಚ್ಚಾಗಿ ಸ್ವಂತ ತಂಡದಿಂದಲೇ. ಸೋಲಿಗೆ ಕಾರಣನೆಂದು ಬೈಯುವವನು, ಹೆಣ್ಣು ಧ್ವನಿ ಕೇಳಿದೊಡನೆ ಊರು ಯಾವುದು, ನಂಬರು ಎಷ್ಟು ಎನ್ನುವವನು, ಮಾತಿನ ಧಾಟಿಯಿಂದ ಕನ್ನಡದವಳೆಂದು ಗುರುತಿಸಿ ಅಣಕಿಸುವವನು ಅಲ್ಲಿಯೇ ಇರುತ್ತಾರೆ. ಅಲ್ಟಿಮಾದ ಬಣ್ಣಗಳೂ ಟ್ರಾಮೆಲ್‌ನ ಗಡಿಯೂ ಆಯುಧವನ್ನು ಕುರಿತವು. ನಾಲಗೆಯನ್ನು ಅವು ಮುಟ್ಟಲಾರವು. ಆದುದರಿಂದ ಆಟದಿಂದ ಕಾಳಗವನ್ನು ತೆಗೆದರೆ ಮಕ್ಕಳು ಸುರಕ್ಷಿತರಾಗುತ್ತಾರೆಂಬ ಎಣಿಕೆ ಇಲ್ಲಿ ಸಲ್ಲುವುದಿಲ್ಲ.

ಹಣಕ್ಕೆ ಸಂಬಂಧಿಸಿದ ಕಾನೂನುಗಳನ್ನು ಪೋಷಕರು ಇದರೊಡನೆ ಬೆರೆಸುವುದುಂಟು. ತಮಿಳುನಾಡಿನ 2022ರ ಕಾಯಿದೆಯ ಮುಖ್ಯ ಗುರಿ ಅಂತರ್ಜಾಲದ ಜೂಜು. ಕೇಂದ್ರದ 2025ರ ಕಾಯಿದೆ ಹಣ ಹೂಡುವ ಆಟಗಳನ್ನು ನಿಷೇಧಿಸಿದೆ. ಕಾಳಗದ ಆಟದೊಳಗಿನ ಬೈಗುಳಕ್ಕೆ ಇವು ಮದ್ದಲ್ಲ ಎಂದು ಪೋಷಕರ ಸಭೆಯಲ್ಲಿ ಒಂದೆರಡು ಮಾತಿನಲ್ಲಿ ತಿಳಿಸಿದರೆ ಸಾಕು.

ಯಂತ್ರದ ಜರಡಿ ಮತ್ತು ಮನೆಮಾತು

ಆಟಗಳು ಬರೆಹದ ಮಾತನ್ನು ಜರಡಿ ಹಿಡಿಯುತ್ತವೆ. ನಿಷಿದ್ಧ ಪದಗಳ ಪಟ್ಟಿಯಲ್ಲಿರುವುದು ಕಂಡರೆ ನಕ್ಷತ್ರಚಿಹ್ನೆಗಳಾಗಿ ಮರೆಯಾಗುತ್ತದೆ. ಈ ಜರಡಿಯ ದಡ್ಡತನ ಪ್ರಸಿದ್ಧ. 1996ರಲ್ಲಿ ಇಂಗ್ಲೆಂಡಿನ ಸ್ಕಂತಾರ್ಪ್ ಎಂಬ ಊರಿನವರಿಗೆ ಅಮೆರಿಕ ಆನ್‌ಲೈನ್ ಸಂಸ್ಥೆಯ ಖಾತೆ ತೆರೆಯಲಾಗಲಿಲ್ಲ. ಊರ ಹೆಸರಿನ ನಡುವೆ ಬೈಗುಳವೊಂದರ ಅಕ್ಷರಗಳಿದ್ದವು! ಕನ್ನಡ ಮತ್ತು ತಮಿಳಿನ ಬೈಗುಳವನ್ನು ಮಕ್ಕಳು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಒಂದೇ ಪದಕ್ಕೆ ಐದಾರು ಕಾಗುಣಿತ. ಒಂದು ಸ್ವರವನ್ನು ಹೆಚ್ಚು ಎಳೆದರೆ, ಒಂದು ಅಕ್ಷರದ ಜಾಗದಲ್ಲಿ ಅಂಕಿ ಇಟ್ಟರೆ ಜರಡಿ ದಾಟಿಹೋಗುತ್ತದೆ.

ಇದಕ್ಕಿಂತ ಜಟಿಲವಾದುದು ಸಂಬೋಧನೆ. ತಮಿಳಿನ ‘ಡಾ’ ಗೆಳೆಯರ ನಡುವೆ ಸಲಿಗೆ. ಅಪರಿಚಿತ ಹಿರಿಯನಿಗೆ ಅವಮಾನ. ‘ಡಿ’ ಎಂಬುದನ್ನು ಅಕ್ಕ ತಂಗಿಗೆ ಹೇಳಿದರೆ ಮುದ್ದು, ಗುರುತಿಲ್ಲದ ಗಂಡು ಹುಡುಗ ಹೇಳಿದರೆ ಹುಡುಗಿಯ ಮುಖ ಕೆಂಪೇರುತ್ತದೆ. ಕನ್ನಡದ ‘ಲೋ’, ‘ಕಣೇ’ಗಳೂ ಹಾಗೆಯೇ. ಯಾವ ಪಟ್ಟಿಯೂ ಇದನ್ನು ಹಿಡಿಯಲಾರದು. ಎರಡೂ ಭಾಷೆಗಳನ್ನು ಬಲ್ಲ ಕನ್ನಡ ಶಿಕ್ಷಕರು ಹಿಡಿಯಬಲ್ಲರು. ಮಗು ತೋರಿಸಿದ ಪರದೆಯ ಚಿತ್ರದಲ್ಲಿ ಬೈಗುಳ ಎಲ್ಲಿದೆ ಎಂದು ದೂರದ ಕಚೇರಿಯ ಯಂತ್ರಕ್ಕೆ ತಿಳಿಯದಿರಬಹುದು. ತರಗತಿಯ ಅಕ್ಕನವರಿಗೋ ಸರ್‌ಗೋ ತಿಳಿಯುತ್ತದೆ. ಅಲ್ಪಸಂಖ್ಯಾತ ಭಾಷೆಯ ಶಿಕ್ಷಕರ ಹೊಣೆ ಇಲ್ಲಿ ಬೇರೆಯವರದಕ್ಕಿಂತ ಹೆಚ್ಚಿನದು.

ತರಗತಿಯಲ್ಲಿ ನಡೆಸುವ ವಿಧಾನ

ಎರಡನೆಯ ಅವಧಿಯಲ್ಲಿ ಐದೈದು ಮಕ್ಕಳ ಗುಂಪು ಮಾಡಿ, ಒಂದು ಕಲ್ಪಿತ ದ್ವೀಪದ ಆಟಕ್ಕೆ ಎಂಟು ನಿಯಮಗಳನ್ನು ಬರೆಸಬೇಕು. ಕಾಳಗ ಇರಲೇಬೇಕು ಎಂಬುದು ಷರತ್ತು. ಪ್ರತಿ ನಿಯಮವೂ ‘ಬಹುದು’, ‘ಬಾರದು’, ‘ಕೂಡದು’, ‘ತಕ್ಕದ್ದು’ ಎಂಬ ರೂಪಗಳಲ್ಲೊಂದರಿಂದ ಮುಗಿಯಬೇಕು. ಮಾತಿನಲ್ಲಿ ತಮಿಳಿನ ‘ಕೂಡಾದು’ ಬಳಸುವ ಮಕ್ಕಳಿಗೆ ಕನ್ನಡದ ‘ಕೂಡದು’ ಸುಲಭವಾಗಿ ಒಲಿಯುತ್ತದೆ. ‘ತಕ್ಕದ್ದು’ ಮಾತ್ರ ತಡವರಿಸುತ್ತದೆ. ಅದಕ್ಕೆ ಹೆಚ್ಚು ಉದಾಹರಣೆ ಕೊಡಬೇಕು.

ಬರೆದ ನಿಯಮಗಳನ್ನು ಗುಂಪುಗಳು ಅದಲುಬದಲು ಮಾಡಿಕೊಳ್ಳಲಿ. ಕಾಟ ಕೊಡಬಯಸುವವನು ಈ ನಿಯಮದೊಳಗೇ ಇದ್ದು ಹೇಗೆ ಕಾಟ ಕೊಡಬಲ್ಲನು ಎಂದು ಎದುರು ಗುಂಪು ಕಂಡುಹಿಡಿಯಬೇಕು. ಪಾಠದ ತಿರುಳು ಇದೇ. ಇಲ್ಲಿ ಅವಸರ ಸಲ್ಲದು. ‘ಐದು ದೂರು ಬಂದವನನ್ನು ಹೊರಹಾಕತಕ್ಕದ್ದು’ ಎಂದು ಒಂದು ಗುಂಪು ಬರೆದಿತೆನ್ನೋಣ. ಐವರು ಗೆಳೆಯರು ಸೇರಿ ಚೆನ್ನಾಗಿ ಆಡುವ ಒಬ್ಬಳ ಮೇಲೆ ಸುಳ್ಳು ದೂರು ಕೊಟ್ಟರೆ? ‘ಕೈಯೆತ್ತದವನನ್ನು ಹೊಡೆಯಬಾರದು’ ಎಂದರೆ, ಹೊಡೆಯದೆ ಬಾಗಿಲಿಗೆ ಅಡ್ಡ ನಿಂತು ದಾರಿ ಕಟ್ಟುವವನನ್ನು ಏನು ಮಾಡುವುದು? ‘ಯಾರೂ ಮಾತನಾಡಕೂಡದು’ ಎಂದರೆ ಕಾಟ ನಿಲ್ಲುತ್ತದೆ ನಿಜ. ತಂಡದ ಆಟವೂ ನಿಲ್ಲುತ್ತದೆ, ಹೆದರಿದ ಮಗು ಸಹಾಯ ಕೇಳುವ ದಾರಿಯೂ ಮುಚ್ಚುತ್ತದೆ. ಪ್ರತಿ ಕೊರತೆ ಕಂಡ ಮೇಲೆ ನಿಯಮವನ್ನು ತಿದ್ದಿ ಬರೆಸಬೇಕು. ಎಂಟು ನಿಯಮಗಳಲ್ಲಿ ಮೂರು ಗಟ್ಟಿಯಾಗಿ ಉಳಿದರೆ ಗುಂಪು ಚೆನ್ನಾಗಿ ಕೆಲಸ ಮಾಡಿದೆ ಎಂದೇ ಅರ್ಥ.

ಮೂರನೆಯ ಅವಧಿ ದೂರಿನ ಬರೆಹಕ್ಕೆ. ‘ಅವನು ತುಂಬಾ ಕೆಟ್ಟದಾಗಿ ಮಾತಾಡಿದ’ ಎಂಬುದು ದೂರಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಹೆಸರಿನ ಖಾತೆಯಿಂದ, ಯಾವ ಮಾತು, ಎಷ್ಟನೆಯ ಸಲ ಎಂಬುದು ಬರಬೇಕು. ಆಡಿದ ಮಾತನ್ನು ಇದ್ದಂತೆಯೇ ಉದ್ಧರಿಸಿ, ಅದರ ಅರ್ಥವನ್ನು ಪಕ್ಕದಲ್ಲಿ ಸರಳ ಇಂಗ್ಲಿಷಿನಲ್ಲಿ ಬರೆಯುವುದನ್ನು ಕಲಿಸಬೇಕು. ಓದುವವನಿಗೆ ಕನ್ನಡ ಬಾರದಿರಬಹುದಷ್ಟೆ. ಅಭ್ಯಾಸಕ್ಕೆ ಕಲ್ಪಿತ ಘಟನೆಗಳನ್ನೇ ಕೊಡತಕ್ಕದ್ದು. ಸ್ವಂತ ಅನುಭವವನ್ನು ಎಲ್ಲರ ಮುಂದೆ ಹೇಳುವಂತೆ ಯಾವ ಮಗುವನ್ನೂ ಒತ್ತಾಯಿಸಬಾರದು.

ಮಗು ತಾನಾಗಿ ಬಂದು ಹೇಳಿದಾಗ

ಇಂಥ ಪಾಠದ ಬಳಿಕ ಒಂದೆರಡು ಮಕ್ಕಳು ವಿರಾಮದ ಹೊತ್ತಿನಲ್ಲಿ ಶಿಕ್ಷಕರ ಬಳಿ ಸುಳಿಯುವುದುಂಟು. ಮೊಬೈಲ್ ಕಿತ್ತುಕೊಂಡಾರೆಂಬ ಭಯದಿಂದಲೇ ಮಕ್ಕಳು ಕಾಟವನ್ನು ಮುಚ್ಚಿಡುತ್ತಾರೆ. ಆದುದರಿಂದ ಶಿಕ್ಷಕರ ಮೊದಲ ಮಾತು ಬೈಗುಳವಾಗಿರಬಾರದು, ತಂದೆಗೆ ಹೇಳುತ್ತೇನೆಂಬ ಬೆದರಿಕೆಯೂ ಆಗಿರಬಾರದು. ಸಂದೇಶಗಳನ್ನು ಅಳಿಸದೆ ಪರದೆಯ ಚಿತ್ರ ಉಳಿಸಿಕೊಳ್ಳುವುದು, ಕಾಟ ಕೊಡುವ ಖಾತೆಯನ್ನು ತಡೆಹಿಡಿಯುವುದು, ಅಪರಿಚಿತರ ಧ್ವನಿಯನ್ನು ಮುಚ್ಚಿ ಗೆಳೆಯರ ತಂಡದಲ್ಲಷ್ಟೇ ಆಡುವುದು ಬಹುತೇಕ ಸಂದರ್ಭಗಳಿಗೆ ಸಾಕಾಗುತ್ತದೆ. ಕಾಟ ಕೊಡುವವನು ಅದೇ ಶಾಲೆಯ ಹುಡುಗನಾದರೆ ವಿಷಯ ಆಟದ್ದಲ್ಲ, ಶಾಲೆಯದು.

ಚಿತ್ರ ಕಳಿಸೆಂದು ಕೇಳಿರುವುದು, ಲೈಂಗಿಕ ಮಾತು, ಭೇಟಿಗೆ ಕರೆ ಇವುಗಳಲ್ಲಿ ಯಾವುದಾದರೂ ಇದ್ದಲ್ಲಿ ಶಾಲೆಯೊಳಗೇ ರಾಜಿ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧವು ತಿಳಿದುಬಂದವರು ಪೊಲೀಸರಿಗೆ ವರದಿ ಮಾಡಲೇಬೇಕೆಂದು 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮು ವಿಧಿಸುತ್ತದೆ. ಮಾಡದಿರುವುದು 21ನೆಯ ಕಲಮಿನಂತೆ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧದ ಸಹಾಯವಾಣಿ 1930. ಈ ಎರಡು ಸಂಖ್ಯೆಗಳನ್ನು ತರಗತಿಯ ಗೋಡೆಯ ಮೇಲೆ ಕನ್ನಡ, ತಮಿಳು ಎರಡರಲ್ಲಿಯೂ ಬರೆಸಿ ಹಾಕಬೇಕು. ಅಕ್ಷರಗಳನ್ನು ಮಕ್ಕಳೇ ಬರೆಯಲಿ. ಕನ್ನಡ ಲಿಪಿಯನ್ನು ಈಗಷ್ಟೇ ಕಲಿಯುತ್ತಿರುವ ಆರನೆಯ ತರಗತಿಯವರಿಗೆ ಆ ಕೆಲಸವನ್ನು ಒಪ್ಪಿಸಬಹುದು.